ಆರು ಖಡ್ಗಗಳ ಕಾರ್ಡು: ಸಂಕೇತ, ಫಲಾರ್ಥ ಮತ್ತು ಓದುವ ಕ್ರಮ

ಮುಂಬಯಿಯ ಕನ್ನಡಿಗರ ನಡುವೆ ಭವಿಷ್ಯ ಕೇಳಲು ಬಳಸುವ ಟ್ಯಾರೋ ಚಿತ್ರಕಾರ್ಡುಗಳನ್ನು ಹರಡಿ ಕೂರುವವರ ಮುಂದೆ ಬರುವ ಪ್ರಶ್ನೆಗಳಲ್ಲಿ ಬಹಳಷ್ಟು ಒಂದು ನೆಲೆಯನ್ನು ಬಿಟ್ಟು ಇನ್ನೊಂದಕ್ಕೆ ಹೋಗುವ ಕುರಿತಾಗಿರುತ್ತವೆ. ಹೋಟೆಲಿನ ಲೀಸ್ ಮುಗಿಯುತ್ತಿದೆ, ಊರಿಗೆ ಮರಳಬಹುದೇ. ಮಗ ವಿದೇಶಕ್ಕೆ ಹೋಗುತ್ತೇನೆ ಎನ್ನುತ್ತಾನೆ, ಕಳುಹಿಸಬಹುದೇ. ಗಂಡನ ಮನೆಯಿಂದ ಬಂದ ಮಗಳು ಮತ್ತೆ ಕಾಲೂರುವುದು ಎಲ್ಲಿ ಎಂಬಂಥ ಪ್ರಶ್ನೆಗಳಿಗೆ ಉತ್ತರವಾಗಿ ಆರು ಖಡ್ಗಗಳ ಕಾರ್ಡು, ಅಂದರೆ ಸಿಕ್ಸ್ ಆಫ್ ಸ್ವೋರ್ಡ್ಸ್, ಬಂದಾಗ ಹೊಸದಾಗಿ ಕಲಿತವರು ತಕ್ಷಣ ‘ಪ್ರಯಾಣ ಯೋಗವಿದೆ, ಕಷ್ಟ ಕಳೆಯಿತು’ ಎಂದು ಹೇಳಿ ಮುಂದಿನ ಕಾರ್ಡಿಗೆ ಹೋಗಿಬಿಡುತ್ತಾರೆ. ಈ ಉತ್ತರ ಪೂರ್ತಿ ತಪ್ಪಲ್ಲ, ಆದರೆ ಚಿತ್ರದಲ್ಲಿ ಕಣ್ಣಿಗೆ ಹೊಡೆದು ಕಾಣುವ ಒಂದು ಸಂಗತಿಯನ್ನೇ ಅದು ಬಿಟ್ಟುಬಿಡುತ್ತದೆ. ಚಿತ್ರದಲ್ಲಿ ಅಂಬಿಗನೊಬ್ಬ ಇಬ್ಬರನ್ನು ದೋಣಿಯಲ್ಲಿ ದಾಟಿಸುತ್ತಿದ್ದಾನೆ, ಆದರೆ ಖಡ್ಗಗಳು ಹಿಂದಿನ ದಡದಲ್ಲಿ ಉಳಿದಿಲ್ಲ. ಅವು ದೋಣಿಯಲ್ಲೇ ನಾಟಿಕೊಂಡು, ಕುಳಿತವರ ಜೊತೆಯಲ್ಲೇ ಆಚೆ ದಡಕ್ಕೆ ಹೋಗುತ್ತಿವೆ. ಈ ಕಾರ್ಡಿನ ಸಮಗ್ರ ಓದು ಈ ಒಂದು ಅಂಶದ ಮೇಲೆ ನಿಂತಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ, ಮುಂದಿನ ಹೆಜ್ಜೆಗಳನ್ನೆಲ್ಲ ಅದರ ಸುತ್ತಲೇ ಕಟ್ಟಿದ್ದೇನೆ.

ಮೊದಲ ಹೆಜ್ಜೆ: ಕೈಯಲ್ಲಿರುವ ಕಟ್ಟು ಯಾವುದು ಎಂದು ತಿಳಿದುಕೊಳ್ಳಿ

ಟ್ಯಾರೋ ಕಟ್ಟಿನಲ್ಲಿ 78 ಕಾರ್ಡುಗಳಿವೆ. ಅವುಗಳಲ್ಲಿ 22 ಮೇಜರ್ ಆರ್ಕಾನಾ, ಅಂದರೆ ಚಂದ್ರ, ರಥ, ಮರಣದಂಥ ಹೆಸರುಳ್ಳ ಮುಖ್ಯ ಕಾರ್ಡುಗಳು, ಉಳಿದ 56 ಮೈನರ್ ಆರ್ಕಾನಾ, ಅಂದರೆ ಕಿರಿಯ ಕಾರ್ಡುಗಳು. ಮೈನರ್ ಕಾರ್ಡುಗಳು ದಂಡ, ಬಟ್ಟಲು, ಖಡ್ಗ ಮತ್ತು ನಾಣ್ಯ ಎಂಬ ನಾಲ್ಕು ಬಣಗಳಲ್ಲಿ ಹಂಚಿಕೊಂಡಿವೆ. ಈ ಕಾರ್ಡುಗಳು ಹುಟ್ಟಿದ್ದು 15ನೇ ಶತಮಾನದ ಉತ್ತರ ಇಟಲಿಯಲ್ಲಿ, ಅದೂ ಇಸ್ಪೀಟಿನಂತಹ ಒಂದು ಆಟಕ್ಕಾಗಿ. ಭವಿಷ್ಯ ಕೇಳುವ ಬಳಕೆ ವ್ಯಾಪಕವಾದದ್ದು 18ನೇ ಶತಮಾನದ ಕೊನೆಯ ಭಾಗದಲ್ಲಿ, ಫ್ರಾನ್ಸಿನಲ್ಲಿ.

ಹಳೆಯ ಮಾರ್ಸೇಲ್ ಮಾದರಿಯ ಕಟ್ಟು ನಿಮ್ಮಲ್ಲಿದ್ದರೆ ಆರು ಖಡ್ಗಗಳ ಕಾರ್ಡಿನಲ್ಲಿ ದೋಣಿಯೂ ಇಲ್ಲ, ಅಂಬಿಗನೂ ಇಲ್ಲ. ಬಾಗಿದ ಖಡ್ಗಗಳು ಒಂದನ್ನೊಂದು ಹಾಯ್ದು ಕಣ್ಣಿನಾಕಾರದ ಒಂದು ಅಂಕಣವನ್ನು ಮಾಡಿರುತ್ತವೆ, ನಡುವೆ ಒಂದು ಹೂವಿರುತ್ತದೆ, ಅಷ್ಟೇ. ಇಂಗ್ಲಿಷ್ ಗೂಢವಿದ್ಯಾವಾದಿ ಅಲೈಸ್ಟರ್ ಕ್ರೌಲಿ ಮತ್ತು ಚಿತ್ರಕಾರ್ತಿ ಫ್ರೀಡಾ ಹ್ಯಾರಿಸ್ ಸೇರಿ ರೂಪಿಸಿದ ಥಾತ್ ಕಟ್ಟಿನಲ್ಲಿ ಇದೇ ಕಾರ್ಡಿಗೆ ‘ಸೈನ್ಸ್’ ಎಂಬ ಹೆಸರಿದ್ದು, ಅಲ್ಲಿ ಒತ್ತು ಬೀಳುವುದು ಬುದ್ಧಿಯ ಸಮತೋಲನದ ಮೇಲೆ. ನಾವಿಲ್ಲಿ ಚರ್ಚಿಸುತ್ತಿರುವ ದೋಣಿಯ ಚಿತ್ರ 1909ರಲ್ಲಿ ಲಂಡನ್ನಿನ ರೈಡರ್ ಸಂಸ್ಥೆ ಪ್ರಕಟಿಸಿದ ಕಟ್ಟಿನದು. ಗೂಢವಿದ್ಯೆಯ ಲೇಖಕ ಆರ್ಥರ್ ಎಡ್ವರ್ಡ್ ವೇಟ್ ಅವರ ಮಾರ್ಗದರ್ಶನದಲ್ಲಿ ಅದನ್ನು ಬರೆದವರು ಪಮೇಲಾ ಕೋಲ್ಮನ್ ಸ್ಮಿತ್. ಮೈನರ್ ಕಾರ್ಡುಗಳಿಗೂ ಒಂದೊಂದು ದೃಶ್ಯವನ್ನು ಕೊಟ್ಟು, ಎಣಿಕೆಯ ಎಲೆಗಳನ್ನು ಕಥೆ ಹೇಳುವ ಚಿತ್ರಗಳನ್ನಾಗಿ ಮಾಡಿದ್ದು ಆಕೆಯ ದೊಡ್ಡ ಸಾಧನೆ. ಇಂದು ಅಂಗಡಿಗಳಲ್ಲಿ ಸಿಗುವ ಕಟ್ಟುಗಳಲ್ಲಿ ಹೆಚ್ಚಿನವು ಈ ಕಟ್ಟಿನ ಮರುರೂಪಗಳೇ ಆದ್ದರಿಂದ ನಿಮ್ಮ ಕೈಯಲ್ಲಿಯೂ ದೋಣಿಯೇ ಇರುವ ಸಂಭವ ಹೆಚ್ಚು. ಆದರೂ ಒಮ್ಮೆ ಖಚಿತಪಡಿಸಿಕೊಳ್ಳಿ. ಮಾರ್ಸೇಲ್ ಕಾರ್ಡನ್ನು ಮುಂದಿಟ್ಟುಕೊಂಡು ಅಂಬಿಗನ ಮಾತಾಡುವುದು, ಎದುರಿಗೆ ಕುಳಿತವರಿಗೆ ಕಾಣದ ಚಿತ್ರವನ್ನು ವಿವರಿಸಿದಂತಾಗುತ್ತದೆ.

ಎರಡನೆಯ ಹೆಜ್ಜೆ: ಪುಸ್ತಕ ಮುಚ್ಚಿ ಚಿತ್ರವನ್ನು ನೋಡಿ

ಅರ್ಥಗಳ ಪಟ್ಟಿಯನ್ನು ಬದಿಗಿಟ್ಟು ಕಾರ್ಡನ್ನು ಬೆಳಕಿನಲ್ಲಿ ಹಿಡಿದು, ಕಂಡದ್ದನ್ನು ಕನ್ನಡದಲ್ಲಿಯೇ ಬರೆದುಕೊಳ್ಳಿ. ಚಪ್ಪಟೆಯಾದ ಒಂದು ದೋಣಿ. ಅದರ ಹಿಂಬದಿಯಲ್ಲಿ ನಿಂತು ಉದ್ದನೆಯ ಜಲ್ಲೆಯನ್ನು ನೀರಿಗೆ ಊರಿ ದೂಡುತ್ತಿರುವ ಅಂಬಿಗ. ಮುಂದೆ, ಮುಸುಕು ಹೊದ್ದು, ತಲೆ ಬಗ್ಗಿಸಿ ಕುಳಿತ ಒಬ್ಬ ವ್ಯಕ್ತಿ. ಹೆಚ್ಚಿನವರು ಅದನ್ನು ಹೆಂಗಸು ಎಂದೇ ಓದುತ್ತಾರೆ. ಪಕ್ಕದಲ್ಲಿ ಒಂದು ಮಗು. ಅವರ ಎದುರಿಗೆ, ತುದಿ ಕೆಳಗಾಗಿ ನೆಟ್ಟಗೆ ನಿಂತಿರುವ ಆರು ಖಡ್ಗಗಳು. ದೂರದಲ್ಲಿ ಮರಗಳಿರುವ ದಡ. ದೋಣಿಯ ಬಲಬದಿಯ ನೀರಿನಲ್ಲಿ ಅಲೆಗಳ ಗೆರೆಗಳಿದ್ದರೆ, ಎಡಬದಿಯ ಮತ್ತು ಮುಂದಿನ ನೀರು ಸಮತಟ್ಟಾಗಿದೆ. ಎಲ್ಲರೂ ನಮಗೆ ಬೆನ್ನು ಹಾಕಿದ್ದಾರೆ.

ಈ ಕೊನೆಯ ಅಂಶವನ್ನು ಹಗುರವಾಗಿ ಕಾಣಬೇಡಿ. ಮುಖ ಕಾಣದಿರುವುದರಿಂದ ಅವರು ಅಳುತ್ತಿದ್ದಾರೆಯೇ, ನಿರಾಳರಾಗಿದ್ದಾರೆಯೇ, ನಿದ್ದೆಗಣ್ಣಿನಲ್ಲಿದ್ದಾರೆಯೇ ಎಂಬುದನ್ನು ಚಿತ್ರ ಹೇಳುವುದಿಲ್ಲ. ಕಾರ್ಡು ತೆಗೆದವರ ಮನಸ್ಸೇ ಆ ಜಾಗವನ್ನು ತುಂಬುತ್ತದೆ. ಆದ್ದರಿಂದ ‘ಈ ಹೆಂಗಸಿನ ಮುಖ ಹೇಗಿರಬಹುದು ಎಂದು ನಿಮಗನಿಸುತ್ತದೆ?’ ಎಂದು ಕೇಳುವುದು ಈ ಕಾರ್ಡಿನ ಮಟ್ಟಿಗೆ ಅತ್ಯಂತ ಉಪಯುಕ್ತವಾದ ಪ್ರಶ್ನೆ.

ಇನ್ನು ವೇಟ್ ಅವರ ಮಾತಿಗೆ ಬರೋಣ. ಅವರು ಈ ಚಿತ್ರವನ್ನು ವಿವರಿಸುವುದು ಬಹಳ ತಣ್ಣಗೆ: ಅಂಬಿಗನೊಬ್ಬ ಪ್ರಯಾಣಿಕರನ್ನು ಆಚೆ ದಡಕ್ಕೆ ಒಯ್ಯುತ್ತಿದ್ದಾನೆ, ಹಾದಿ ಸುಗಮವಾಗಿದೆ, ಹೊರೆ ಹಗುರವಾಗಿರುವುದರಿಂದ ಕೆಲಸ ಅವನ ಶಕ್ತಿಗೆ ಮೀರಿದ್ದಲ್ಲ. ಫಲವಾಗಿ ಅವರು ಕೊಡುವುದು ಜಲಪ್ರಯಾಣ, ಹಾದಿ, ದೂತ, ಪ್ರತಿನಿಧಿ, ಉಪಾಯ ಎಂಬ ಅರ್ಥಗಳನ್ನು. ಇದರಲ್ಲಿ ದುಃಖದ ಸುಳಿವೇ ಇಲ್ಲ. ಬಗ್ಗಿದ ಬೆನ್ನು, ಮುಸುಕು, ಮೌನ ಇವೆಲ್ಲ ಸ್ಮಿತ್ ಅವರ ಕುಂಚದಿಂದ ಬಂದವು. ಹೀಗಾಗಿ ಒಂದೇ ಕಾರ್ಡಿನಲ್ಲಿ ಎರಡು ಸ್ವರಗಳಿವೆ. ಬರಹ ‘ದಾಟಬಹುದು, ಕಷ್ಟವೇನಿಲ್ಲ’ ಎನ್ನುತ್ತದೆ, ಚಿತ್ರ ‘ದಾಟುವವರ ಎದೆ ಭಾರವಾಗಿದೆ’ ಎನ್ನುತ್ತದೆ. ಒಂದನ್ನು ಆರಿಸಿಕೊಂಡು ಇನ್ನೊಂದನ್ನು ಬಿಡುವ ಅಗತ್ಯವಿಲ್ಲ. ಹೊರಗಿನ ಕೆಲಸ ಸಲೀಸಾಗಿ ನಡೆಯುತ್ತಿರುವಾಗಲೇ ಒಳಗಿನ ಭಾರ ಹಾಗೆಯೇ ಉಳಿದಿರುವ ಸ್ಥಿತಿಯನ್ನು ಹೇಳಲು ಇಡೀ ಕಟ್ಟಿನಲ್ಲಿ ಇದಕ್ಕಿಂತ ಒಳ್ಳೆಯ ಕಾರ್ಡು ಇಲ್ಲ.

ಮೂರನೆಯ ಹೆಜ್ಜೆ: ದೋಣಿಯನ್ನು ಒಂದು ಕ್ರಮದಲ್ಲಿ ಓದಿ

ನಾನು ಸೂಚಿಸುವ ಕ್ರಮ ಹೀಗಿದೆ: ಮೊದಲು ನೀರು, ಬಳಿಕ ಖಡ್ಗಗಳು, ಆಮೇಲೆ ಅಂಬಿಗ, ಕೊನೆಗೆ ದಡ. ಕುಳಿತವರು ಈ ನಾಲ್ಕರ ನಡುವೆ ಇದ್ದೇ ಇರುತ್ತಾರೆ.

ನೀರು. ಕಲಕಿದ ನೀರು ಒಂದು ಬದಿಯಲ್ಲಿ, ಶಾಂತವಾದ ನೀರು ಇನ್ನೊಂದು ಬದಿಯಲ್ಲಿ ಇರುವುದರಿಂದ ದೋಣಿ ಎರಡರ ಗಡಿಯಲ್ಲಿದೆ. ಬಿರುಗಾಳಿ ಮುಗಿದು ಬಹಳ ಕಾಲವಾಗಿಲ್ಲ, ನೆಮ್ಮದಿಯೂ ಇನ್ನೂ ಕೈಗೆ ಬಂದಿಲ್ಲ. ಪ್ರಶ್ನೆ ಕೇಳುವವರ ಜೀವನದಲ್ಲಿ ಗದ್ದಲ ನಿಂತದ್ದು ಯಾವಾಗ, ಅಥವಾ ನಿಂತೇ ಇಲ್ಲವೇ ಎಂಬುದನ್ನು ಇಲ್ಲಿ ವಿಚಾರಿಸಬೇಕು. ಜಗಳ ಇನ್ನೂ ನಡೆಯುತ್ತಿರುವಾಗ ಈ ಕಾರ್ಡು ಬಂದರೆ ಅದು ಜಗಳದ ಅಂತ್ಯವನ್ನು ಘೋಷಿಸುವುದಿಲ್ಲ, ಜಗಳದಿಂದ ದೂರ ಸರಿಯುವ ದಾರಿ ಇದೆ ಎಂದಷ್ಟೇ ಸೂಚಿಸುತ್ತದೆ.

ಖಡ್ಗಗಳು. ಖಡ್ಗದ ಬಣ ವಾಯುತತ್ತ್ವದ್ದು. ಬುದ್ಧಿ, ಮಾತು, ತೀರ್ಮಾನ, ವ್ಯಾಜ್ಯ, ಗಾಯ ಎಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ. ಇಲ್ಲಿ ಅವು ಯಾರ ಕೈಯಲ್ಲಿಯೂ ಇಲ್ಲ, ಯಾರನ್ನೂ ಇರಿಯುತ್ತಲೂ ಇಲ್ಲ. ಆದರೆ ಅವು ದೋಣಿಯ ತಳಕ್ಕೆ ಚುಚ್ಚಿಕೊಂಡಿರುವಂತೆ ಕಾಣುವುದರಿಂದ, ನಡುನೀರಿನಲ್ಲಿ ಕಿತ್ತರೆ ತೂತಿನಿಂದ ನೀರು ಒಳನುಗ್ಗುತ್ತದೆ ಎಂಬ ವ್ಯಾಖ್ಯಾನ ಟ್ಯಾರೋ ಓದುವವರಲ್ಲಿ ಬಹಳ ಹಿಂದಿನಿಂದ ಬಳಕೆಯಲ್ಲಿದೆ. ನಾನು ಇದನ್ನು ಪೂರ್ಣವಾಗಿ ಒಪ್ಪುತ್ತೇನೆ, ಏಕೆಂದರೆ ಅದು ಕೇವಲ ಸುಂದರವಾದ ಮಾತಲ್ಲ, ವ್ಯವಹಾರಕ್ಕೆ ಬರುವ ಮಾತು. ಸಂಕಟದಿಂದ ಹೊರಬರುತ್ತಿರುವವರಿಗೆ ಎಲ್ಲವನ್ನೂ ಒಂದೇ ಸಲ ಇತ್ಯರ್ಥ ಮಾಡಿಬಿಡುವ ಆತುರವಿರುತ್ತದೆ. ಮನೆ ಬದಲಾಯಿಸುವ ವಾರದಲ್ಲೇ ಅಣ್ಣನೊಂದಿಗಿನ ಹತ್ತು ವರ್ಷದ ಹಳೆಯ ಮನಸ್ತಾಪವನ್ನು ಬಿಡಿಸಿ ಹೇಳಿಬಿಡುತ್ತೇನೆ ಎಂದು ಹೊರಡುವವರಿಗೆ, ದಡ ಮುಟ್ಟಿದ ಮೇಲೆ ಕೀಳಬೇಕಾದ ಖಡ್ಗ ಅದು ಎಂದು ಹೇಳುವ ಅಧಿಕಾರವನ್ನು ಈ ಚಿತ್ರ ಕಾರ್ಡು ಓದುವವನಿಗೆ ಕೊಡುತ್ತದೆ. ಸಾಧ್ಯವಾದರೆ ಆರೂ ಖಡ್ಗಗಳಿಗೆ ಹೆಸರಿಡಲು ಹೇಳಿ: ಸಾಲ, ಒಂದು ಕಟುವಾದ ಮಾತು, ಕೋರ್ಟಿನ ದಾವೆ, ಕೈಬಿಟ್ಟ ಓದು, ಹೀಗೆ. ಆರು ಸಿಗದಿದ್ದರೆ ಮೂರಾದರೂ ಸಾಕು.

ಅಂಬಿಗ. ಕನ್ನಡಿಗರಿಗೆ ಈ ವ್ಯಕ್ತಿಯ ಪರಿಚಯ ಬೇರೆ ದಾರಿಯಿಂದ ಮೊದಲೇ ಆಗಿದೆ. 12ನೇ ಶತಮಾನದ ವಚನಕಾರ ಅಂಬಿಗರ ಚೌಡಯ್ಯನವರು ಕಾಯಕವೂ ಸೇರಿದ ತಮ್ಮ ಹೆಸರನ್ನೇ ಅಂಕಿತವನ್ನಾಗಿಸಿಕೊಂಡರು, ದಾಸರ ಪದಗಳಲ್ಲಿ ಭವಸಾಗರ ದಾಟಿಸುವ ಅಂಬಿಗ ದೇವರೇ. ರಾಮಾಯಣದಲ್ಲಿ ಗುಹ ಒದಗಿಸಿದ ದೋಣಿಯಲ್ಲಿ ರಾಮ, ಸೀತೆ, ಲಕ್ಷ್ಮಣರು ಆಯುಧಸಮೇತರಾಗಿ ಗಂಗೆಯನ್ನು ದಾಟುತ್ತಾರೆ, ನಡುಹೊಳೆಯಲ್ಲಿ ಸೀತೆ ಕ್ಷೇಮವಾಗಿ ಮರಳಿ ಬರುವಂತೆ ಗಂಗೆಗೆ ಕೈಮುಗಿಯುತ್ತಾಳೆ. ತಾನಾಗಿ ಬಯಸದಿದ್ದರೂ ಕೈಗೊಳ್ಳಲೇಬೇಕಾದ ಪ್ರಯಾಣ, ಜೊತೆಯಲ್ಲೇ ಬರುವ ಆಯುಧ, ಇನ್ನೊಬ್ಬರ ಸಹಾಯ ಎಲ್ಲವೂ ಆ ಪ್ರಸಂಗದಲ್ಲಿವೆ. ಇವು ನಮ್ಮ ನೆನಪಿನಿಂದ ಬರುವ ನೆರವುಗಳೇ ಹೊರತು ಲಂಡನ್ನಿನಲ್ಲಿ ಬರೆದ ಆ ಚಿತ್ರದ ಮೂಲವಲ್ಲ ಎಂಬ ವಿವೇಕ ಇಟ್ಟುಕೊಂಡರೆ, ಎದುರಿಗಿರುವವರಿಗೆ ಕಾರ್ಡನ್ನು ಹತ್ತಿರವಾಗಿಸಲು ಇವುಗಳನ್ನು ಧಾರಾಳವಾಗಿ ಬಳಸಬಹುದು.

ಓದುವಾಗ ಕೇಳಬೇಕಾದ ಪ್ರಶ್ನೆ ಇಷ್ಟು: ಜಲ್ಲೆ ಯಾರ ಕೈಯಲ್ಲಿದೆ? ಕೊಂಕಣ ರೈಲು 1998ರಲ್ಲಿ ಪೂರ್ತಿಯಾಗಿ ಓಡತೊಡಗುವುದಕ್ಕೆ ಬಹಳ ಮುಂಚೆ, ಮಂಗಳೂರಿನಿಂದ ಹಡಗು ಹತ್ತಿ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಹುಡುಗರ ತಲೆಮಾರೊಂದು ಈ ನಗರದಲ್ಲಿದೆ. ಅವರಲ್ಲಿ ಅನೇಕರಿಗೆ ಒಬ್ಬ ಅಂಬಿಗನಿದ್ದ. ಸೋದರಮಾವನೋ, ಪಕ್ಕದ ಮನೆಯವರೋ, ಊರಿನ ಹೋಟೆಲ್ ಮಾಲೀಕರೋ ಕೈಹಿಡಿದು ಕರೆತಂದಿದ್ದರು. ಇಂದಿನವರಿಗೆ ಆ ಸ್ಥಾನದಲ್ಲಿ ವಕೀಲರೋ, ಮನೋವೈದ್ಯರೋ, ಕೆಲಸ ಕೊಡಿಸುವ ಸಂಸ್ಥೆಯೋ, ಹೆಂಡತಿಯೋ ಇರಬಹುದು. ವೇಟ್ ಹೇಳುವ ದೂತ, ಪ್ರತಿನಿಧಿ ಎಂಬ ಅರ್ಥಗಳು ಹುಟ್ಟುವುದು ಇಲ್ಲಿಯೇ. ಕೆಲವೊಮ್ಮೆ ಪ್ರಶ್ನೆ ಕೇಳುವವರೇ ಅಂಬಿಗರು, ಮನೆಯವರನ್ನೆಲ್ಲ ದಾಟಿಸುತ್ತಾ ನಿಂತೇ ಇರುವವರು. ಅಂಥವರಿಗೆ ಕುಳಿತುಕೊಳ್ಳುವ ಜಾಗವೇ ದೋಣಿಯಲ್ಲಿಲ್ಲ. ‘ಈ ಚಿತ್ರದಲ್ಲಿ ನೀವು ಯಾರು?’ ಎಂದು ನೇರವಾಗಿ ಕೇಳಿ. ಹೆಂಗಸು, ಮಗು, ಅಂಬಿಗ ಇವರಲ್ಲಿ ಅವರು ಯಾರನ್ನು ತೋರಿಸುತ್ತಾರೆ ಎಂಬುದರಿಂದ ಓದಿನ ದಿಕ್ಕೇ ಬದಲಾಗುತ್ತದೆ.

ದಡ. ಅದು ಮಸುಕಾಗಿ ಕಾಣುತ್ತದೆ, ಅಲ್ಲಿ ಮನೆಯಿಲ್ಲ, ಕಾಯುತ್ತಿರುವವರೂ ಇಲ್ಲ. ಕಾರ್ಡು ದಾಟುವಿಕೆಯನ್ನು ಖಚಿತಪಡಿಸುತ್ತದೆಯೇ ವಿನಾ ಆಚೆ ಏನಿದೆ ಎಂಬುದನ್ನಲ್ಲ. ಆಚೆಯದನ್ನು ತಿಳಿಯಲು ಪಕ್ಕದ ಕಾರ್ಡು ಬೇಕು.

ನಾಲ್ಕನೆಯ ಹೆಜ್ಜೆ: ಸಂಖ್ಯೆ ಮತ್ತು ಗ್ರಹದ ಸೂಚನೆ

ಐದು ಖಡ್ಗಗಳ ಕಾರ್ಡನ್ನು ಇದರ ಎಡಕ್ಕೆ ಇಟ್ಟು ನೋಡಿ. ಅಲ್ಲಿ ಗೆದ್ದವನೊಬ್ಬ ಖಡ್ಗಗಳನ್ನು ಆಯ್ದುಕೊಂಡು ನಿಂತಿದ್ದಾನೆ, ಸೋತ ಇಬ್ಬರು ತಲೆತಗ್ಗಿಸಿ ನೀರಿನ ಕಡೆಗೆ ನಡೆದಿದ್ದಾರೆ. ಆರರಲ್ಲಿ ನೀರಿನ ಮೇಲೆ ದೋಣಿಯಿದೆ. ಆ ಸೋತವರೇ ಇಲ್ಲಿ ಕುಳಿತಿದ್ದಾರೆ ಎಂದು ಓದಿದರೆ ಕಥೆ ತಾನಾಗಿ ಕೂಡಿಕೊಳ್ಳುತ್ತದೆ. ಬಲಕ್ಕೆ ಏಳನ್ನು ಇಟ್ಟರೆ, ಐದು ಖಡ್ಗಗಳನ್ನು ಹೊತ್ತು ಗುಡಾರಗಳಿಂದ ಮೆಲ್ಲಗೆ ಜಾರಿಕೊಳ್ಳುತ್ತಿರುವವನು ಕಾಣುತ್ತಾನೆ. ಅದು ಕದ್ದು ಹೋಗುವುದು, ಇದು ಬಹಿರಂಗವಾಗಿ ಹೊರಡುವುದು. ಟ್ಯಾರೋದಲ್ಲಿ ಐದು ಎಂದರೆ ಕದಡುವಿಕೆ, ಆರು ಎಂದರೆ ಮರಳಿ ಬರುವ ಹದ.

1888ರಲ್ಲಿ ಸ್ಥಾಪನೆಯಾದ ಗೋಲ್ಡನ್ ಡಾನ್ ಎಂಬ ಗೂಢವಿದ್ಯೆಯ ಸಂಘದ ಸಂಪ್ರದಾಯದಲ್ಲಿ ಈ ಕಾರ್ಡಿಗೆ ‘ಗಳಿಸಿಕೊಂಡ ಯಶಸ್ಸು’ ಎಂಬ ಹೆಸರಿದೆ, ಕುಂಭ ರಾಶಿಯ ಎರಡನೆಯ ದ್ರೇಕ್ಕಾಣದಲ್ಲಿರುವ (ರಾಶಿಯ ಮೂರನೆಯ ಒಂದು ಭಾಗಕ್ಕೆ ದ್ರೇಕ್ಕಾಣ ಎಂದು ಹೆಸರು) ಬುಧನನ್ನು ಅದಕ್ಕೆ ಜೋಡಿಸಿದ್ದಾರೆ. ಮಾತು, ವ್ಯವಹಾರ, ದೌತ್ಯ, ಸಂಚಾರ ಇವು ಬುಧನ ಪಾಲಿನವಾದ್ದರಿಂದ ವೇಟ್ ಅವರ ಅರ್ಥಗಳಿಗೂ ಇದಕ್ಕೂ ಹೊಂದಿಕೆಯಿದೆ. ಆದರೆ ಅವರ ರಾಶಿಚಕ್ರ ವಿಷುವದಿಂದ ಎಣಿಸುವ ಸಾಯನ ಪದ್ಧತಿಯದು, ನಮ್ಮ ಮನೆಗಳಲ್ಲಿ ನೋಡುವ ಪಂಚಾಂಗ ನಕ್ಷತ್ರಗಳಿಂದ ಎಣಿಸುವ ನಿರಯಣ. ಎರಡಕ್ಕೂ ಇಂದು ಸುಮಾರು 24 ಡಿಗ್ರಿಗಳ ಅಂತರವಿದೆ. ಜಾತಕದಲ್ಲಿ ಕುಂಭದಲ್ಲಿ ಬುಧನಿದ್ದಾನೆ ಎಂದು ಈ ಕಾರ್ಡಿಗೆ ಗಂಟು ಹಾಕಲು ಹೋಗಬೇಡಿ. ಅಷ್ಟಮಂಗಲ ಪ್ರಶ್ನೆ ಎಂಬ ನಮ್ಮ ಜ್ಯೋತಿಷ್ಯ ಪದ್ಧತಿಗೆ ಅದರದೇ ಶಾಸ್ತ್ರವಿರುವಂತೆ ಟ್ಯಾರೋಗೂ ಅದರದೇ ಲೆಕ್ಕವಿದೆ, ಎರಡನ್ನೂ ಬೆರೆಸಿದರೆ ಎರಡಕ್ಕೂ ನ್ಯಾಯ ಸಲ್ಲುವುದಿಲ್ಲ.

ಐದನೆಯ ಹೆಜ್ಜೆ: ಪ್ರಶ್ನೆಯನ್ನು ತಿದ್ದಿ, ನೆರೆಯ ಕಾರ್ಡುಗಳೊಂದಿಗೆ ಓದಿ

‘ವೀಸಾ ಸಿಗುತ್ತದೆಯೇ’, ‘ಮನೆ ಯಾವ ತಿಂಗಳಲ್ಲಿ ಮಾರಾಟವಾಗುತ್ತದೆ’ ಎಂಬ ಪ್ರಶ್ನೆಗಳಿಗೆ ಈ ಕಾರ್ಡು ಹೌದು, ಇಲ್ಲ ಎಂಬ ಉತ್ತರ ಕೊಡುವುದಿಲ್ಲ. ಕಾರ್ಡು ಕಲಸುವ ಮುನ್ನವೇ ಪ್ರಶ್ನೆಯನ್ನು ‘ಈ ಬದಲಾವಣೆಯಲ್ಲಿ ನಾನು ಯಾವುದನ್ನು ಗಮನಿಸಬೇಕು’ ಎಂಬ ರೂಪಕ್ಕೆ ತಂದುಕೊಳ್ಳಿ. ಒಂದು ಕಲ್ಪಿತ ಉದಾಹರಣೆಯನ್ನು ವಿಸ್ತಾರವಾಗಿ ನೋಡೋಣ.

ಡೊಂಬಿವಲಿಯಲ್ಲಿ ವಾಸವಾಗಿರುವ, ಐವತ್ತು ದಾಟಿದ ಒಬ್ಬ ಮಹಿಳೆ ಕೇಳುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಗಂಡ ಫೋರ್ಟ್ ಪ್ರದೇಶದ ಕಚೇರಿಯೊಂದರಲ್ಲಿ ಕ್ಯಾಂಟೀನ್ ನಡೆಸುತ್ತಿದ್ದರು, ಗುತ್ತಿಗೆ ಮುಗಿದಿದೆ. ಕುಂದಾಪುರದ ಹತ್ತಿರದ ಊರಿಗೆ ಮರಳುವುದೆಂದು ಗಂಡ ನಿರ್ಧರಿಸಿದ್ದಾರೆ. ಮಗನ ಕೆಲಸ ಐರೋಲಿಯಲ್ಲಿ, ಅವನು ಇಲ್ಲೇ ಉಳಿಯುತ್ತಾನೆ. ಮನೆಯಲ್ಲಿ ವಯಸ್ಸಾದ ಅತ್ತೆಯಿದ್ದಾರೆ. ‘ಊರಿಗೆ ಹೋದರೆ ನೆಮ್ಮದಿ ಸಿಗುತ್ತದೆಯೇ’ ಎಂಬುದು ಆ ಮಹಿಳೆಯ ಪ್ರಶ್ನೆ. ಮೂರು ಕಾರ್ಡುಗಳ ಹರಹಿನಲ್ಲಿ ಹಿಂದಿನದಕ್ಕೆ ಹತ್ತು ದಂಡಗಳು, ಇಂದಿನದಕ್ಕೆ ಆರು ಖಡ್ಗಗಳು, ಮುಂದಿನದಕ್ಕೆ ಎರಡು ನಾಣ್ಯಗಳು ಬಂದಿವೆ.

ಹತ್ತು ದಂಡಗಳಲ್ಲಿ ಒಬ್ಬ ಮನುಷ್ಯ ಹತ್ತು ಕೋಲುಗಳನ್ನು ಒಂದೇ ಕಟ್ಟಾಗಿ ತಬ್ಬಿಕೊಂಡು, ಎದುರಿನದು ಕಾಣದಂತೆ ಬಾಗಿ ನಡೆಯುತ್ತಿದ್ದಾನೆ. ನಸುಕಿನಲ್ಲಿ ಎದ್ದು ಲೋಕಲ್ ಹಿಡಿದ ವರ್ಷಗಳ ದುಡಿಮೆಯನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲಾಗದು, ಅದರ ಬಗ್ಗೆ ಹೆಚ್ಚು ಮಾತು ಬೇಡ. ಎರಡನೆಯ ಕಾರ್ಡಿಗೆ ಬಂದಾಗ ‘ಅಕ್ಕ, ಈ ದೋಣಿಯಲ್ಲಿ ನೀವು ಯಾರು?’ ಎಂದು ಕೇಳಬೇಕು. ಅವರು ಮುಸುಕು ಹೊದ್ದವಳನ್ನು ತೋರಿಸಿದರೆ, ಜಲ್ಲೆ ಗಂಡನ ಕೈಯಲ್ಲಿದೆ, ನಿರ್ಧಾರದಲ್ಲಿ ಆಕೆಯ ದನಿ ಸೇರಿಲ್ಲ ಎಂಬುದು ಹೊರಬರುತ್ತದೆ. ಮಗು ಯಾರೆಂದು ಕೇಳಿದಾಗ ಅವರು ಮಗನ ಬದಲು ಅತ್ತೆಯ ಹೆಸರನ್ನು ಹೇಳಿದರೆ ಆಶ್ಚರ್ಯಪಡಬೇಡಿ. ದೋಣಿಯಲ್ಲಿ ಆಸರೆ ಬೇಕಾದವರು ಯಾರೋ ಅವರೇ ಆ ಮಗು. ಖಡ್ಗಗಳಿಗೆ ಹೆಸರಿಡುವಾಗ ಕ್ಯಾಂಟೀನಿಗಾಗಿ ಮಾಡಿದ ಸಾಲ, ಪಾಲುದಾರನಾಗಿದ್ದ ಮೈದುನನೊಂದಿಗಿನ ಲೆಕ್ಕದ ತಕರಾರು, ಮಗನನ್ನು ಬಿಟ್ಟು ಹೋಗುವ ಸಂಕಟ ಬಂದರೆ, ಯಾವುದನ್ನು ಹೊರಡುವ ಮೊದಲೇ ತೀರಿಸಬಹುದು, ಯಾವುದನ್ನು ಸದ್ಯಕ್ಕೆ ಜೊತೆಯಲ್ಲೇ ಒಯ್ಯಬೇಕು ಎಂದು ಬೇರ್ಪಡಿಸಲು ನೆರವಾಗಿ. ಸಾಲದ ಕಾಗದಪತ್ರ ಇಲ್ಲಿ ಇರುವಾಗಲೇ ಮುಗಿಯಬೇಕಾದದ್ದು. ಮೈದುನನೊಡನೆ ಮಾತು ಊರು ಸೇರಿ, ಉಸಿರು ಹದಕ್ಕೆ ಬಂದ ಮೇಲೆ ಆಗಬಹುದು.

ಎರಡು ನಾಣ್ಯಗಳ ಚಿತ್ರದಲ್ಲಿ ತರುಣನೊಬ್ಬ ಮಲಗಿದ ಎಂಟರ ಆಕಾರದ ಕುಣಿಕೆಯೊಳಗೆ ಎರಡು ನಾಣ್ಯಗಳನ್ನು ಆಡಿಸುತ್ತಿದ್ದಾನೆ, ಅವನ ಹಿಂದೆ ಎತ್ತರದ ಅಲೆಗಳ ಮೇಲೆ ಎರಡು ಹಡಗುಗಳು ಏರಿಳಿಯುತ್ತಿವೆ. ದೋಣಿಯ ಶಾಂತವಾದ ನೀರಿನ ನಂತರ ಮತ್ತೆ ಅಲೆ ಬಂದಿದೆ ಎಂಬುದನ್ನು ಮುಚ್ಚಿಡಬಾರದು. ಊರಿನ ಮನೆ ಮತ್ತು ಮುಂಬಯಿಯ ಮನೆ, ಎರಡು ಅಡುಗೆಮನೆಗಳ ಖರ್ಚು, ತಿಂಗಳಿಗೊಮ್ಮೆ ಮತ್ಸ್ಯಗಂಧಾ ರೈಲಿನ ಓಡಾಟ: ಇದು ಸಂಪೂರ್ಣ ನೆಮ್ಮದಿಯ ಚಿತ್ರವಲ್ಲ, ತೂಗಿಸಿಕೊಂಡು ಹೋಗುವ ಚಿತ್ರ. ‘ನೆಮ್ಮದಿ ಸಿಗುತ್ತದೆ’ ಎಂಬ ಸುಲಭದ ಭರವಸೆಗಿಂತ, ‘ದಾಟುವುದು ಕಷ್ಟವಾಗದು, ಆದರೆ ಎರಡೂ ಕಡೆ ಕಾಲಿಟ್ಟುಕೊಂಡ ಬದುಕಿಗೆ ಹಣದ ಏರ್ಪಾಡನ್ನು ಈಗಲೇ ಮಾಡಿಕೊಳ್ಳಿ, ಹೊರಡುವ ದಿನವನ್ನು ನಿಶ್ಚಯಿಸುವಾಗ ನಿಮ್ಮ ಮಾತೂ ಇರಲಿ’ ಎಂಬ ಉತ್ತರ ಆಕೆಗೆ ಹೆಚ್ಚು ಉಪಕಾರ ಮಾಡುತ್ತದೆ.

ಪಕ್ಕದ ಕಾರ್ಡು ಬದಲಾದರೆ ದಡವೂ ಬದಲಾಗುತ್ತದೆ. ಮೂರನೆಯ ಸ್ಥಾನದಲ್ಲಿ ಚಂದ್ರನ ಕಾರ್ಡಿದ್ದರೆ ತಲುಪುವ ಜಾಗದ ಬಗ್ಗೆ ಇನ್ನೂ ಮಾಹಿತಿ ಸಂಗ್ರಹಿಸಬೇಕು. ನಾಲ್ಕು ದಂಡಗಳಿದ್ದರೆ ಹೂಮಾಲೆಯ ಚಪ್ಪರ ಕಟ್ಟಿ ಬರಮಾಡಿಕೊಳ್ಳುವವರಿದ್ದಾರೆ. ಮರಣದ ಕಾರ್ಡು ಜೊತೆಗೆ ಬಂದಾಗ ಕೆಲವರು ಅಂಬಿಗನನ್ನು ಗ್ರೀಕ್ ಪುರಾಣದಲ್ಲಿ ಸತ್ತವರನ್ನು ದಾಟಿಸುವ ಕ್ಯಾರನ್‌ಗೆ, ಇಲ್ಲವೇ ನಮ್ಮ ವೈತರಣಿಗೆ ಜೋಡಿಸಿ ಸಾವಿನ ಮಾತಾಡುತ್ತಾರೆ. ಇದು ಖಂಡಿತವಾಗಿಯೂ ಕೂಡದು. ವೇಟ್ ಅವರ ಪಟ್ಟಿಯಲ್ಲಿ ಈ ಕಾರ್ಡಿಗೆ ಸಾವಿನ ಅರ್ಥವೇ ಇಲ್ಲ, ಮರಣದ ಕಾರ್ಡನ್ನೂ ಇಂದಿನ ಓದುಗರು ಒಂದು ಘಟ್ಟದ ಮುಕ್ತಾಯವೆಂದೇ ಓದುತ್ತಾರೆ. ಆಸ್ಪತ್ರೆಯಲ್ಲಿರುವವರ ಬಗ್ಗೆ ಪ್ರಶ್ನೆ ಬಂದರೆ ಕಾರ್ಡನ್ನು ಮುಚ್ಚಿಟ್ಟು, ವೈದ್ಯರ ಮಾತನ್ನೇ ಕೇಳಿ ಎನ್ನಿ.

ಆರನೆಯ ಹೆಜ್ಜೆ: ಕಾರ್ಡು ತಲೆಕೆಳಗಾಗಿ ಬಂದಾಗ

ತಲೆಕೆಳಗಾದ ಆರು ಖಡ್ಗಗಳನ್ನು ‘ಪ್ರಯಾಣ ತಡೆಯಾಗುತ್ತದೆ’ ಎಂದು ಓದುವುದು ಈಗಿನ ರೂಢಿ, ಹಲವು ಸಂದರ್ಭಗಳಲ್ಲಿ ಅದು ಸರಿಹೊಂದುತ್ತದೆ: ಹೊರಡಲು ಮನಸ್ಸಾಗದಿರುವುದು, ಬಿಟ್ಟು ಬಂದ ದಡಕ್ಕೆ ಮರಳುವುದು, ಹಳೆಯ ನೋವಿನಲ್ಲೇ ಸುತ್ತುವುದು. ಆದರೆ ವೇಟ್ ಕೊಡುವ ಅರ್ಥಗಳು ಬೇರೆ. ಘೋಷಣೆ, ತಪ್ಪೊಪ್ಪಿಗೆ, ಬಹಿರಂಗವಾಗುವಿಕೆ, ಒಂದು ಅಭಿಪ್ರಾಯದ ಪ್ರಕಾರ ಪ್ರೇಮ ನಿವೇದನೆ. ಮೊದಲ ನೋಟಕ್ಕೆ ಇವಕ್ಕೂ ದೋಣಿಗೂ ಸಂಬಂಧವೇ ಇಲ್ಲವೆನಿಸುತ್ತದೆ. ನನಗೆ ಕಾಣುವ ಸಂಬಂಧ ಇದು: ನೇರವಾಗಿರುವಾಗ ಈ ಕಾರ್ಡು ಮೌನದ ಕಾರ್ಡು, ದೋಣಿಯಲ್ಲಿ ಯಾರೂ ಮಾತಾಡುತ್ತಿಲ್ಲ. ತಲೆಕೆಳಗಾದಾಗ ಕೆಳಮುಖವಾಗಿದ್ದ ಖಡ್ಗಗಳ ತುದಿಗಳು ಮೇಲಕ್ಕೆ ತಿರುಗುತ್ತವೆ, ಹುದುಗಿಸಿಟ್ಟದ್ದು ಮಾತಾಗಿ ಹೊರಬರುತ್ತದೆ. ಮನೆ ಬಿಟ್ಟು ಹೋಗುವ ಬದಲು, ಹೋಗಬೇಕೆನಿಸಿದ್ದು ಏಕೆಂದು ಬಾಯಿಬಿಟ್ಟು ಹೇಳುವುದು ಇಲ್ಲಿನ ದಾರಿ.

ಹಾಗಾಗಿ ತಲೆಕೆಳಗಾದ ಕಾರ್ಡು ಬಂದಾಗ ಎರಡು ಅರ್ಥಗಳನ್ನೂ ಮುಂದಿಟ್ಟು, ಯಾವುದು ಅವರ ಸ್ಥಿತಿಗೆ ತಾಳೆಯಾಗುತ್ತದೆ ಎಂದು ಅವರನ್ನೇ ಕೇಳಿ. ಕೌಟುಂಬಿಕ ದೌರ್ಜನ್ಯದ ಸಂದರ್ಭದಲ್ಲಿ ಮಾತ್ರ ಎಚ್ಚರವಿರಲಿ: ಮನೆಯಿಂದ ಹೊರಬರಲು ಸಿದ್ಧವಾಗಿರುವ ಹೆಣ್ಣುಮಗಳಿಗೆ ತಲೆಕೆಳಗಾದ ಕಾರ್ಡನ್ನು ತೋರಿಸಿ ‘ಈಗ ಹೋಗಬೇಡಿ’ ಎನ್ನುವ ಹಕ್ಕು ಯಾವ ಓದುಗನಿಗೂ ಇಲ್ಲ.

ಏಳನೆಯ ಹೆಜ್ಜೆ: ಅಭ್ಯಾಸ

ಹೊರಡುವುದನ್ನು ಸೂಚಿಸುವ ಬೇರೆ ಕಾರ್ಡುಗಳ ಜೊತೆ ಇದನ್ನು ಹೋಲಿಸುವುದು ಒಳ್ಳೆಯ ಸಾಧನೆ. ಎಂಟು ಬಟ್ಟಲುಗಳಲ್ಲಿ ಒಬ್ಬನೇ ಮನುಷ್ಯ ಜೋಡಿಸಿಟ್ಟ ಬಟ್ಟಲುಗಳನ್ನು ಹಿಂದೆ ಬಿಟ್ಟು, ಊರುಗೋಲು ಹಿಡಿದು ಕಾಲ್ನಡಿಗೆಯಲ್ಲಿ ಹೊರಟಿದ್ದಾನೆ. ಅದು ಸ್ವಂತ ಇಚ್ಛೆಯಿಂದ, ಏನನ್ನೂ ಒಯ್ಯದೆ ಹೋಗುವುದು. ಮೂರು ದಂಡಗಳಲ್ಲಿ ನಿಂತವನು ದಡದಲ್ಲೇ ಇದ್ದಾನೆ, ಹಡಗುಗಳು ಮಾತ್ರ ಹೋಗುತ್ತಿವೆ. ರಥದ ಕಾರ್ಡಿನಲ್ಲಿ ಸಾರಥ್ಯ ತನ್ನದೇ. ಆರು ಖಡ್ಗಗಳಲ್ಲಿ ಮಾತ್ರ ಇನ್ನೊಬ್ಬರ ನೆರವು ಮತ್ತು ಜೊತೆಗೆ ಬರುವ ಹೊರೆ ಎರಡೂ ಇವೆ. ಈ ನಾಲ್ಕನ್ನೂ ಸಾಲಾಗಿಟ್ಟು, ಒಂದೇ ಪ್ರಶ್ನೆಗೆ ನಾಲ್ಕು ಉತ್ತರಗಳನ್ನು ಬರೆದು ನೋಡಿ.

ಇನ್ನೊಂದು ಅಭ್ಯಾಸಕ್ಕೆ ನೀರಿಗೇ ಹೋಗಬೇಕು. ಮುಂಬಯಿಯಲ್ಲಿರುವವರಿಗೆ ಇದು ಸುಲಭ: ವರ್ಸೋವಾದಿಂದ ಮಡ್‌ಗೆ ಖಾಡಿ ದಾಟುವ ದೋಣಿಯೋ, ಭಾವುಚಾ ಧಕ್ಕಾದಿಂದ ಮೋರಾಕ್ಕೆ ಹೋಗುವ ಲಾಂಚೋ ಆದೀತು. ಗೋವಾದವರಿಗೆ ಹಳೆ ಗೋವಾದಿಂದ ದಿವಾಡಿ ದ್ವೀಪಕ್ಕೆ ಮಾಂಡವಿಯನ್ನು ದಾಟಿಸುವ ಫೆರಿ ಇದೆ. ಸಮುದ್ರ ಕೆರಳುವ ಮಳೆಗಾಲವನ್ನು ಬಿಟ್ಟು ಹೋಗಿ. ಹೋಗುವಾಗ ಬಿಟ್ಟ ದಡಕ್ಕೆ ಮುಖ ಮಾಡಿ ಕುಳಿತುಕೊಳ್ಳಿ, ಮರಳುವಾಗ ಮುಟ್ಟುವ ದಡದತ್ತ ಮುಖವಿರಲಿ. ದಡದ ಹತ್ತಿರ ಕಲಕಿದ ನೀರು ಎಲ್ಲಿ ತಿಳಿಯಾಗುತ್ತದೆ, ದೋಣಿ ನಡೆಸುವವನ ಕಣ್ಣು ಎಲ್ಲಿರುತ್ತದೆ, ಮೀನಿನ ಬುಟ್ಟಿ, ಮೋಟಾರ್ ಸೈಕಲ್, ತರಕಾರಿಯ ಚೀಲ ಹೀಗೆ ಯಾರು ಯಾರು ಏನನ್ನು ಹೊತ್ತು ದಾಟುತ್ತಾರೆ ಎಂಬುದನ್ನು ಗಮನಿಸಿ, ಇಳಿದ ಮೇಲೆ ಟಿಪ್ಪಣಿ ಮಾಡಿಕೊಳ್ಳಿ.

ಪ್ರತಿ ಓದಿನ ದಿನಾಂಕ, ಪ್ರಶ್ನೆ, ಕಾರ್ಡಿನ ಸ್ಥಾನ, ನೇರವೋ ತಲೆಕೆಳಗೋ, ಕೇಳಿದವರು ತಮ್ಮನ್ನು ಯಾರೆಂದು ಗುರುತಿಸಿಕೊಂಡರು, ಖಡ್ಗಗಳಿಗೆ ಏನು ಹೆಸರಿಟ್ಟರು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಅವರ ಹೆಸರು ಮಾತ್ರ ಬೇಡ. ಆರು ತಿಂಗಳ ನಂತರ ಅವರು ಒಪ್ಪಿದರೆ ಮತ್ತೆ ವಿಚಾರಿಸಿ, ಯಾವ ಖಡ್ಗ ಕಳಚಿತು, ಯಾವುದು ಇನ್ನೂ ದೋಣಿಯಲ್ಲಿದೆ ಎಂಬುದನ್ನು ಅದೇ ಪುಟದಲ್ಲಿ ಸೇರಿಸಿ.